ಕಂಬದ ಮೇಲಿನ ಕೆಂಪು

ಬಡಗಿ ಬೆಳಿಗ್ಗೆಯೇ ಬಂದುಬಿಡುತ್ತೇನೆ ಅಂದಿದ್ದ. ಅವನ ಬೆಳಿಗ್ಗೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿಟ್ಟುಕೊಳ್ಳದೆ ಇದ್ದದ್ದು ತನ್ನದೇ ತಪ್ಪು ಅಂದುಕೊಳ್ಳುತ್ತ ಅವಳು ಗೇಟಿನ ಪಕ್ಕ ಮೋಟು ಸ್ಟೂಲು ಹಾಕಿ ಕೂತಿದ್ದಳು, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಒತ್ತಿಕೊಂಡು. ರಸ್ತೆಯಲ್ಲಿ ಓಡಾಡುವವರಿಗೆ ಇದು ಹೊಸ ನೋಟವೇನಲ್ಲ. ಆದರೂ ಪೇಪರಿನವನು ಸೈಕಲ್ಲು ನಿಧಾನ ಮಾಡಿ ನೋಡಿಕೊಂಡು ಹೋದ. ನೋಡಲಿ, ಕಣ್ಣು ತುಂಬ ನೋಡಲಿ, ನಾಳೆಯಿಂದ ಇರುವುದಿಲ್ಲವಲ್ಲ. ಗೇಟಿನ ಕಂಬದ ತಲೆಯ ಮೇಲೆ, ಮರ ಬಿರುಕು ಬಿಟ್ಟು ಮೆತ್ತಗಾದ ಕಡೆ, ಬೂದಿ ಕಲೆಸಿದ ಹಸಿರಿನ ಪುಟ್ಟ ಪುಟ್ಟ ಬಟ್ಟಲುಗಳು ಸಣ್ಣ ಕಾಲುಗಳ ಮೇಲೆ ನಿಂತಿದ್ದವು. ಉಗುರಿನಷ್ಟೂ ಎತ್ತರವಿಲ್ಲ. ಒಂದೊಂದು ಬಟ್ಟಲಿನ ಅಂಚಿಗೂ ಕೆಂಪು ಮಣಿಗಳು, ಸೂಜಿ ಚುಚ್ಚಿಕೊಂಡಾಗ ಬೆರಳ ತುದಿಯಲ್ಲಿ ಮೂಡುವ ರಕ್ತದಷ್ಟೇ ಗಾತ್ರ. ಕಂಬದ ತಲೆಯ ಅರ್ಧ ಭಾಗ ಹೀಗೆ ಕೆಂಪಾಗಿ ತುಂಬಿಕೊಂಡಿತ್ತು, ಉಳಿದರ್ಧ ಬೋಳು. ಆ ಬೋಳಿನ ಕಡೆ ಭೂತಗನ್ನಡಿ ತಿರುಗಿಸಬಾರದು ಎಂದು ಅವಳು ಎದ್ದಾಗಿನಿಂದ ಹಟ ಹಿಡಿದಿದ್ದಳು. ಇವತ್ತು ಈ ಕಂಬವನ್ನು ಕೀಳಿಸುತ್ತಿರುವವಳು ತಾನೇ. ಕೀಳಿಸುವುದಾದರೆ ಬೇಗ ಕಿತ್ತು ಹಾಕಬಾರದೆ ಈ ಮನುಷ್ಯ, ಕಾಯಿಸಿ ಕಾಯಿಸಿ ಯಾಕೆ ಜೀವ ತಿನ್ನುತ್ತಾನೆ?

ಮ್ಯೂಸಿಯಮ್ಮಿನವರು ತರುತ್ತಿದ್ದ ಪುಸ್ತಕಕ್ಕೆ ಕಲ್ಲುಹೂವುಗಳ ಚಿತ್ರ ಬರೆಯುವುದು ಅವಳ ಕೆಲಸ. ಕಲ್ಲುಹೂವು ಅಂದರೆ ಕಲ್ಲೂ ಅಲ್ಲ, ಹೂವೂ ಅಲ್ಲ, ಈ ಕೆಂಪು ಹಣ್ಣಿನ ಬಟ್ಟಲಂತೂ ಕಲ್ಲಿನ ಸಹವಾಸಕ್ಕೂ ಹೋಗದೆ ಸತ್ತ ಮರವನ್ನು ಹುಡುಕಿಕೊಂಡು ಬರುವಂಥದ್ದು. ಕಡಿದು ಬಿಟ್ಟ ಮರದ ಬೊಡ್ಡೆ, ಬೇಲಿಯ ಹಳೇ ಗೂಟ, ಹುಳಿ ಮಣ್ಣಿನ ಜೌಗು ದಿಬ್ಬ, ಹೀಗೆ ಯಾರಿಗೂ ಬೇಡವಾದ ಜಾಗವೇ ಅದಕ್ಕೆ ಬೇಕು ಎಂದು ಆ ಪುಸ್ತಕ ಬರೆಯುತ್ತಿದ್ದ ಪ್ರೊಫೆಸರರು ಹೇಳಿದ್ದರು. ಹೇಳುವುದೇನು, ಕುರ್ಚಿಯಲ್ಲಿ ಕೂತು ಹೇಳಿದರು. ಹುಡುಕಿಕೊಂಡು ಹೋದವಳು ಇವಳು. ಬಸ್ಸು ಹತ್ತಿ, ಬಸ್ಸು ಇಳಿದು, ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಕಂಡ ಕಂಡ ಬೊಡ್ಡೆಯ ಮುಂದೆಲ್ಲ ಮಂಡಿಯೂರಿ, ಬರಿಗೈಯಲ್ಲಿ ವಾಪಸ್ಸು ಬಂದು ಮನೆಯ ಗೇಟು ತೆರೆಯಲು ನಿಂತಾಗ, ಮೂಗಿನ ಕೆಳಗೇ, ತನ್ನದೇ ಕಂಬದ ಮೇಲೆ ಅದು ಕೆಂಪಗೆ ಕೂತಿತ್ತು. ಅವತ್ತು ಅವಳು ಅಲ್ಲೇ ನಿಂತು ಜೋರಾಗಿ ನಕ್ಕಿದ್ದಳು. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಗಂಡ ಮಾರನೆಯ ದಿನವೇ ಒಳ್ಳೆಯ ಭೂತಗನ್ನಡಿ ತಂದುಕೊಟ್ಟಿದ್ದ. ಇದು ಒಂದು ಜೀವವಲ್ಲ, ಎರಡು, ಒಂದು ಶಿಲೀಂಧ್ರ ಇನ್ನೊಂದು ಪಾಚಿ, ಒಂದು ಮನೆ ಕಟ್ಟಿಕೊಡುತ್ತದೆ ಇನ್ನೊಂದು ಅಡುಗೆ ಮಾಡಿ ಹಾಕುತ್ತದೆ ಎಂದು ವಿವರಿಸಿದರೆ, "ಹಾಗಾದ್ರೆ ನೀನೂ ಅಮ್ಮನೂ ಇದ್ದ ಹಾಗೆ ಅನ್ನು" ಅಂದಿದ್ದ. ಅತ್ತೆ ಒಳಗಿನಿಂದಲೇ, "ಅದರಲ್ಲಿ ನಾನು ಯಾವುದೋ?" ಎಂದು ಕೂಗಿದ್ದರು. ಆಗ ಈ ಮನೆಯಲ್ಲಿ ನಗು ಎಷ್ಟು ಸಲೀಸಾಗಿ ಬರುತ್ತಿತ್ತು ಎಂದು ನೆನಪಾಗಿ ಅವಳಿಗೆ ಮತ್ತಷ್ಟು ರೇಗಿತು.

ಗೇಟಿನ ಕಥೆ ಬೇರೆ. ಈ ಕಂಬ ಬುಡ ಕೊಳೆತು ಒಳಕ್ಕೆ ವಾಲಿ ವರ್ಷಗಳೇ ಆಗಿದ್ದವು. ವಾಲಿದ ಕಂಬ ಗೇಟನ್ನು ಹಲ್ಲು ಕಚ್ಚಿದ ಹಾಗೆ ಹಿಡಿದುಕೊಳ್ಳುತ್ತಿತ್ತು. ತೆರೆಯಬೇಕಾದರೆ ಒಂದು ಕೈಯಲ್ಲಿ ಕಂಬವನ್ನು ಆಚೆಗೆ ತಳ್ಳಬೇಕು, ಇನ್ನೊಂದರಲ್ಲಿ ಗೇಟನ್ನು ಎತ್ತಿ ಎಳೆಯಬೇಕು. ಗಂಡ ಭುಜ ಕೊಟ್ಟು ತಳ್ಳುತ್ತಿದ್ದ. ಅವಳು ಬುಡಕ್ಕೆ ಕಾಲು ಕೊಟ್ಟು ಒದೆಯುತ್ತಿದ್ದಳು. ಅತ್ತೆಗೆ ಕಾಲೆತ್ತುವುದಕ್ಕಾಗುತ್ತದೆಯೆ, ಅವರು ಎಡಗೈಯನ್ನು ಕಂಬದ ತಲೆಯ ಮೇಲೆ ಊರಿ ಮೈಭಾರ ಬಿಟ್ಟು ತಳ್ಳುತ್ತಿದ್ದರು. ಗೇಟಿನಾಚೆ ಒಂದು ಮೆಟ್ಟಿಲು ಬೇರೆ ಇದೆ, ಅದನ್ನು ಇಳಿಯುವುದಕ್ಕೂ ಅದೇ ಕಂಬ, ಅದೇ ಎಡಗೈ. ರಿಪೇರಿ ಮಾಡಿಸೋಣ ಎಂದು ಗಂಡ ಆಗಾಗ ಹೇಳುತ್ತಿದ್ದ. ಚಿತ್ರ ಮುಗೀಲಿ, ಪುಸ್ತಕ ಹೋಗಲಿ, ಎಂದು ತಳ್ಳಿಕೊಂಡು ಬಂದವಳು ಇವಳು. ಚಿತ್ರದಲ್ಲಿ ಆ ಬೋಳು ಅರ್ಧವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು, ಅಷ್ಟು ನಿಷ್ಠೆ. ಬಿಸಿಲಿನ ಕಡೆ ಇದು ಹಣ್ಣು ಬಿಡುವುದಿಲ್ಲ ಅಂತ ಕಾಣುತ್ತೆ ಸರ್ ಎಂದು ತಾನೇ ಒಂದು ವ್ಯಾಖ್ಯಾನವನ್ನೂ ಕೊಟ್ಟಳು. ಹಾಗೆಲ್ಲ ಇರೋಕೆ ಸಾಧ್ಯವಿಲ್ಲ, ಸರಿಯಾಗಿ ನೋಡಿ, ಎಂದು ಪ್ರೊಫೆಸರರು ಶಾಲೆಯ ಮಗುವಿಗೆ ಹೇಳುವ ಹಾಗೆ ಹೇಳಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಳು. ಆವತ್ತು ಸಂಜೆ ಅತ್ತೆ ವಾಕಿಂಗಿಗೆ ಹೊರಟು ಗೇಟಿನ ಹತ್ತಿರ ಹೋಗಿ, ಎಡಗೈಯನ್ನು ಎತ್ತಿ, ಬೋಳಿನ ಮೇಲೆ ಸರಿಯಾಗಿ ಅಂಗೈ ಊರಿದ್ದನ್ನು ಅವಳು ಕಿಟಕಿಯಿಂದ ನೋಡಿದಳು.

ಹೋಗಿ ಮೆಲ್ಲಗೆ ಹೇಳಬಹುದಿತ್ತು. ಹಿಡಿದುಕೊಳ್ಳುವುದಕ್ಕೆ ಪಕ್ಕದಲ್ಲಿ ಒಂದು ಕೋಲು ನೆಡಿಸಬಹುದಿತ್ತು. ಆವತ್ತೇ ಬಡಗಿಯನ್ನು ಕರೆಸಬಹುದಿತ್ತು. ಅವಳು ಬರಿಗಾಲಿನಲ್ಲಿ ಓಡಿ ಹೋಗಿ, ರಸ್ತೆಗೆಲ್ಲ ಕೇಳುವ ಹಾಗೆ, "ಅತ್ತೆ, ಆ ಕಂಬ ಮುಟ್ಟಬೇಡಿ! ನಿಮ್ಮಿಂದಲೇ ಎಲ್ಲಾ ಹಾಳಾಗಿರೋದು!" ಎಂದು ಕಿರುಚಿದಳು. ಅತ್ತೆ ಬಿಸಿ ತಗುಲಿದ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು ಅಂಗೈಯನ್ನೇ ಒಂದು ಸಲ ತಿರುಗಿಸಿ ನೋಡಿಕೊಂಡರು. "ಅಯ್ಯೋ, ನಂಗೆ ಗೊತ್ತಾಗ್ಲಿಲ್ಲ ಕಣಮ್ಮ. ಇನ್ಮೇಲೆ ಮುಟ್ಟಲ್ಲ" ಅಂದರು. ಮುಟ್ಟಲಿಲ್ಲ. ಅದೇ ತಾನೇ ಆದದ್ದು? ಹೇಳಿದ ಮಾತನ್ನು ಒಂದು ಎಳ್ಳಷ್ಟೂ ಮೀರಲಿಲ್ಲ. ಕೆಲವು ದಿನಗಳ ನಂತರ ಯಾರೂ ಇಲ್ಲದ ಹೊತ್ತಿನಲ್ಲಿ ಕಂಬ ಮುಟ್ಟದೆ ಎರಡೂ ಕೈಯಲ್ಲಿ ಗೇಟನ್ನು ಹಿಡಿದು ಎಳೆದಿದ್ದಾರೆ, ಅದು ಹಟ ಹಿಡಿದು ನಿಂತು ಒಮ್ಮೆಗೇ ಬಿಟ್ಟುಕೊಂಡಿದೆ, ಹಿಂದಕ್ಕೆ ಬಿದ್ದಿದ್ದಾರೆ, ಅಗಲಕ್ಕೆ ತೆರೆದುಕೊಂಡಿದ್ದ ಗೇಟು ನೋಡಿದೊಡನೆ ಇವಳಿಗೆ ತಿಳಿದುಹೋಗಿತ್ತು. ನೆಲಕ್ಕೆ ಊರಿದ್ದು ಎಡಗೈ. ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುತ್ತಿದ್ದಾಗ ಗಂಡ ಕೇಳಿದ, "ಹೇಗಮ್ಮ ಬಿದ್ದೆ?" ಅತ್ತೆ ಇವಳ ಕಡೆ ನೋಡಲೂ ಇಲ್ಲ. "ಚಪ್ಪಲಿ ಜಾರ್ತು ಕಣೋ" ಅಂದರು. ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಚಪ್ಪಲಿಯೇ ಜಾರುತ್ತ ಬಂದಿದೆ. ನೋಡಲು ಬಂದ ನೆಂಟರ ಮುಂದೆ, ಫೋನಿನಲ್ಲಿ, ಡಾಕ್ಟರ ಮುಂದೆ, ಎಲ್ಲೆಲ್ಲೂ ಚಪ್ಪಲಿ. ಪಾಪದ ಆ ಚಪ್ಪಲಿಯನ್ನು ಗಂಡ ಎಸೆದು ಹೊಸದನ್ನೂ ತಂದ. ಒಂದೇ ಒಂದು ಸಲ, ನೀನು ಹಾಗಂದದ್ದಕ್ಕೇ ನಾನು ಬಿದ್ದದ್ದು ಕಣೇ, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರೆ ಇವಳು ಅತ್ತು, ಜಗಳವಾಡಿ, ಹಗುರಾಗುತ್ತಿದ್ದಳು. ಹೇಳುವುದಿಲ್ಲ ಆ ಮಹಾತಾಯಿ. ತಲೆ ಬಾಚಲು ಹೋದರೆ ಕೂತ ಕಡೆಯೇ ಕತ್ತು ಬಗ್ಗಿಸುತ್ತಾರೆ. ನೀರು ಬಿಸಿಯಾಯಿತೇ ಎಂದರೆ "ನೀನು ಹಾಕಿದ್ದು ಸರಿಯಾಗೇ ಇರುತ್ತೆ" ಅನ್ನುತ್ತಾರೆ. ಈ ಒಳ್ಳೆಯತನ ಉಣ್ಣುವಾಗ ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗೆ ಒಳಗೂ ಹೋಗದೆ ಹೊರಗೂ ಬರದೆ ನಿಂತುಬಿಟ್ಟಿತ್ತು. ತನ್ನನ್ನು ಕಾಪಾಡಿ ಎಂದು ಇವರನ್ನು ಕೇಳಿಕೊಂಡವರು ಯಾರು?

"ಬಂದ್ನೇನಮ್ಮ ಬಡಗಿ?" ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹಿಂದಿನ ದಿನವಷ್ಟೇ ಪ್ಲಾಸ್ಟರ್ ಬಿಚ್ಚಿದ್ದರು. ಎಡಗೈ ಬೇರೆ ಯಾರದೋ ಕೈಯ ಹಾಗೆ ತೆಳ್ಳಗೆ, ಬೆಳ್ಳಗೆ, ಚರ್ಮ ಸುಲಿದುಕೊಂಡು ಶಾಲಿನ ಹೊರಗೆ ಇಳಿಬಿದ್ದಿತ್ತು.

"ಇಲ್ಲ. ಬರೋನ ಹಾಗೂ ಕಾಣಲ್ಲ."

"ಬಿಸಿಲಿಗೆ ಕೂತಿದ್ದೀಯಲ್ಲ. ನೀನು ಒಳಗೆ ಬಾ, ನಾನು ನೋಡ್ಕೋತೀನಿ."

"ನೀವೇನು ನೋಡ್ಕೋತೀರಿ ಅತ್ತೆ? ಬಡಗಿ ಬರೋದನ್ನ ಕಾವಲು ಕಾಯಬೇಕಾ?"

"ಅಲ್ಲಮ್ಮ, ಸುಮ್ನೆ ಅಂದೆ. ನನಗೋಸ್ಕರ ಅಂತ ಕೀಳಿಸ್ಬೇಡ. ಹಿಂದಿನ ಬಾಗಿಲು ಇದೆಯಲ್ಲ, ಅದರಲ್ಲೇ ಓಡಾಡ್ತೀನಿ. ಕೆಸರಿದ್ರೆ ಇರಲಿ."

ಹಿಂದಿನ ಬಾಗಿಲಿನಲ್ಲಿ ಕೆಸರಷ್ಟೇ ಅಲ್ಲ, ಪಾಚಿ ಕಟ್ಟಿದ ಚಪ್ಪಡಿ ಇದೆ. ಅಲ್ಲಿ ಜಾರಿ ಇನ್ನೊಂದು ಕೈ ಮುರಿದುಕೊಂಡು, ಅದಕ್ಕೂ ಚಪ್ಪಲಿಯ ಹೆಸರು ಹೇಳುತ್ತಾರೆ. ಹಲ್ಲು ಕಚ್ಚಿಕೊಂಡು ಭೂತಗನ್ನಡಿಯನ್ನು ಮತ್ತೆ ಕಣ್ಣಿಗಿಟ್ಟುಕೊಂಡಳು, ಆ ಭರದಲ್ಲಿ ಕೈ ತಪ್ಪಿ ಅದು ಬೋಳಿನ ಕಡೆಗೇ ತಿರುಗಿತು. ಬೋಳು ಬೋಳಾಗಿ ಉಳಿದಿರಲಿಲ್ಲ. ಬೂದು ಬಣ್ಣದ ಹೊಟ್ಟಿನಂಥ ಸಣ್ಣ ಸಣ್ಣ ಚಕ್ಕೆಗಳು ಅಂಗೈ ಊರುತ್ತಿದ್ದ ಜಾಗದ ತುಂಬ ಏಳುತ್ತಿದ್ದವು. ಕೈ ಮುರಿದುಕೊಂಡು ಒಳಗೆ ಕೂತವರು ಬಿಟ್ಟುಕೊಟ್ಟ ಜಾಗದಲ್ಲಿ ಎಷ್ಟು ನಾಚಿಕೆಯಿಲ್ಲದೆ ಬೆಳೆಯುತ್ತಿದೆ ಇದು! ಅವಳಿಗೆ ಅದನ್ನು ಉಗುರಿನಲ್ಲಿ ಕೆರೆದು ಹಾಕಬೇಕೆನ್ನಿಸಿತು. ಅದರ ಜೊತೆಗೇ, ಈ ಚಕ್ಕೆಗಳ ಮೇಲೆ ಬಟ್ಟಲು ಏಳುವುದನ್ನು ನೋಡಬೇಕು ಎಂಬ ಆಸೆಯೂ ಆಯಿತು. ಆಸೆಯಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಫೋನು ಬಂತು. ಪ್ರೊಫೆಸರರು. ಪುಸ್ತಕ ಅಚ್ಚಿಗೆ ಹೋಗುತ್ತಿದೆಯಂತೆ, ಚಿತ್ರ ಬಹಳ ಚೆನ್ನಾಗಿದೆಯಂತೆ, ಒಂದೇ ಒಂದು ಸಣ್ಣ ವಿಷಯವಂತೆ.

"ಆ ಬೋಳು ಭಾಗ ಇದೆಯಲ್ಲ, ಅದು ಬೇಡ. ನೋಡೋರಿಗೆ ಗೊಂದಲ ಆಗುತ್ತೆ. ಅಲ್ಲೂ ನಾಲ್ಕು ಬಟ್ಟಲು ತುಂಬಿಸಿಬಿಡಿ."

"ಆದ್ರೆ ಸರ್, ಅಲ್ಲಿ ಇರಲಿಲ್ಲ. ಇರೋದನ್ನ ಇದ್ದ ಹಾಗೆ ಬರೀಬೇಕು ಅಂತ ನೀವೇ..."

"ಅದು ಸರಿ, ಅದು ಸರಿ. ಆದ್ರೆ ನಿಮ್ಮ ಮನೆ ಕಂಬದ ಚರಿತ್ರೆ ಯಾರಿಗೆ ಬೇಕು ಹೇಳಿ? ಪಕ್ಕದ್ದನ್ನೇ ನೋಡ್ಕೊಂಡು ತುಂಬಿಸಿ. ನಿಮ್ಮ ಕೈಗೆ ಅದೆಷ್ಟು ಹೊತ್ತಿನ ಕೆಲಸ?"

ಅವಳ ನಾಲಿಗೆಯ ಮೇಲೆ ಏನೇನೋ ಬಂತು. "ಆಗಲಿ ಸರ್" ಎಂದಳು. ಫೋನಿಟ್ಟ ಮೇಲೆ ಮೈಯೆಲ್ಲ ಉರಿಯಿತು. ತುಂಬಿಸಿಬಿಡಬಹುದಿತ್ತು. ಮೊದಲೇ, ಮೇಜಿನ ಮುಂದೆ ಕೂತು, ಕೆಂಪು ಬಣ್ಣ ಅದ್ದಿ, ಚುಕ್ಕಿ ಚುಕ್ಕಿ ಇಟ್ಟು ಮುಗಿಸಬಹುದಿತ್ತು. ಯಾರ ಕೈಯನ್ನೂ ಎಲ್ಲಿಂದಲೂ ಎತ್ತಿಸಬೇಕಾಗಿರಲಿಲ್ಲ. ಅವರಿಗೆ ಬೇಡವಾದ ನಿಷ್ಠೆಗೆ ಇವಳು ಒಂದು ಮೂಳೆ ತೆತ್ತಳು. ತನ್ನದಾದರೂ ಆಗಿತ್ತೇ ಅದು?

ಬಡಗಿ ಬಂದಾಗ ಗಂಡನೂ ಮಧ್ಯಾಹ್ನದ ಊಟಕ್ಕೆ ಅಂಗಡಿ ಮುಚ್ಚಿ ಬಂದಿದ್ದ. ಬಡಗಿ ತಡವಾಯಿತು ಎಂದೇನೂ ಹೇಳಲಿಲ್ಲ. ಹೊಸ ಕಂಬವನ್ನು ಗಾಡಿಯಿಂದ ಇಳಿಸಿ, ಹಳೆಯದರ ಬುಡಕ್ಕೆ ಒಂದು ಒದೆ ಕೊಟ್ಟು, ಅದು ಅಲುಗಾಡಿದ್ದನ್ನು ನೋಡಿ ತೃಪ್ತಿಯಾದವನಂತೆ ತಲೆಯಾಡಿಸಿದ. ಆಮೇಲೆ ಕಂಬದ ತಲೆಯ ಮೇಲೆ ಬಗ್ಗಿದ.

"ಇದೇನಮ್ಮಾ, ಬೂಷ್ಟು? ಕೆರೆದು ಹಾಕ್ಲಾ?"

"ಕೈ ಹಚ್ಚಬೇಡ!" ಅಂದದ್ದು ಅವಳಲ್ಲ. ಅತ್ತೆ. ಬಾಗಿಲಿನಿಂದ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಇವಳು ಕೇಳಿಯೇ ಇರಲಿಲ್ಲ. "ಬೂಷ್ಟಲ್ಲಪ್ಪ ಅದು. ಪುಸ್ತಕದಲ್ಲಿ ಬರುತ್ತೆ. ನಮ್ಮ ಸೊಸೆ ಬರೆದಿದಾಳೆ. ತಲೆ ಭಾಗ ಮಾತ್ರ ಹುಷಾರಾಗಿ ಕುಯ್ದು ಅವಳ ಕೈಗೆ ಕೊಡು."

"ಇದಕ್ಕೇನಾ ಅಜ್ಜಿ ಇಷ್ಟು ದಿನ ಗೇಟು ರಿಪೇರಿ ಮಾಡಿಸ್ದೆ ಇದ್ದಿದ್ದು?" ಬಡಗಿ ನಕ್ಕ. "ಕೊಳೆತ ಕಂಬಾನ ಮಗು ಸಾಕಿದ ಹಾಗೆ ಸಾಕಿದೀರಲ್ಲ!" ಎನ್ನುತ್ತ ಗರಗಸ ಎತ್ತಿಕೊಂಡು ಕುಯ್ಯತೊಡಗಿದ.

ಗಂಡನೂ ನಕ್ಕ. ಅತ್ತೆಯೂ ನಕ್ಕರು, ಹೆಮ್ಮೆಯಿಂದ. ಆ ಹೆಮ್ಮೆಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಬೈದರೆ ತಡೆದುಕೊಳ್ಳಬಹುದು, ಮುಖ ಊದಿಸಿಕೊಂಡರೆ ತಡೆದುಕೊಳ್ಳಬಹುದು, ಮುರಿದ ಕೈಯನ್ನು ಶಾಲಿನಲ್ಲಿ ಮುಚ್ಚಿಕೊಂಡು ನಮ್ಮ ಸೊಸೆ ಬರೆದಿದಾಳೆ ಅನ್ನುವುದೇ?

"ನಗ್ತಾ ಇದೀರಲ್ಲ ಎಲ್ಲಾ" ಎಂದಳು ಅವಳು. ಸ್ವರ ತನ್ನದಲ್ಲದ ಹಾಗೆ ಒಡೆದಿತ್ತು. "ರೀ, ಕೇಳಿಸ್ಕೊಳ್ಳಿ. ಅವರ ಚಪ್ಪಲಿ ಜಾರಲಿಲ್ಲ. ಕಂಬ ಮುಟ್ಟಬೇಡಿ ಅಂತ ನಾನು ಕಿರುಚಿದ್ದೆ. ಅದಕ್ಕೇ ಅವರು ಹಿಡ್ಕೊಳ್ಳಲಿಲ್ಲ. ಅದಕ್ಕೇ ಬಿದ್ರು. ನನ್ನಿಂದ ಬಿದ್ದಿದ್ದು."

ಬಡಗಿಯ ಗರಗಸ ನಿಂತಿತು. ಗಂಡ ಇವಳ ಮುಖವನ್ನೂ ಅಮ್ಮನ ಮುಖವನ್ನೂ ನೋಡಿದ. ಕೊನೆಗೂ ಹೇಳಿಬಿಟ್ಟೆ ಎಂದು ಅವಳ ಎದೆ ಒಂದು ಕ್ಷಣ ನಿಜಕ್ಕೂ ಹಗುರಾಯಿತು.

"ಅಯ್ಯೋ, ಇವಳದೊಂದು!" ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡರು. "ಯಾವಾಗಲೋ ಏನೋ ಅಂದಿದ್ಳು, ಅದಕ್ಕೂ ಇದಕ್ಕೂ ಏನು ಸಂಬಂಧ? ನಾನು ಬಿದ್ದಿದ್ದು ನನಗೆ ಗೊತ್ತಿಲ್ವಾ? ಚಪ್ಪಲಿ ಜಾರ್ತು."

"ಅತ್ತೆ!"

"ಚಪ್ಪಲಿ ಜಾರ್ತು ಕಣೋ" ಎಂದರು ಮಗನಿಗೆ.

ಗಂಡ ಹತ್ತಿರ ಬಂದು ಇವಳ ಬೆನ್ನು ತಟ್ಟಿದ. "ನೀನೂ ಅಷ್ಟೇ. ಊರಿನ ತಪ್ಪನ್ನೆಲ್ಲ ನಿನ್ನ ತಲೆ ಮೇಲೇ ಹಾಕ್ಕೋತೀಯ. ಬಿಸಿಲಲ್ಲಿ ಕೂತು ಕೂತು ತಲೆ ಕೆಟ್ಟಿದೆ, ಒಳಗೆ ನಡಿ" ಎಂದ. ಗರಗಸ ಮತ್ತೆ ಶುರುವಾಯಿತು. ಅವಳು ತಪ್ಪು ಒಪ್ಪಿಕೊಂಡದ್ದನ್ನು ಮೂರು ಜನ ಸೇರಿ, ಒಬ್ಬರು ಪ್ರೀತಿಯಿಂದ, ಇನ್ನೊಬ್ಬ ಸಮಾಧಾನದಿಂದ, ಮೂರನೆಯವನು ಗರಗಸದ ಸದ್ದಿನಿಂದ, ವಾಪಸ್ಸು ಅವಳ ಬಾಯೊಳಗೇ ತುರುಕಿದ್ದರು. ಅವಳು ಒಳಗೆ ಹೋಗಲಿಲ್ಲ. ಕುಯ್ದ ತಲೆಯನ್ನು ಬಡಗಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಾಗ ತೆಗೆದುಕೊಂಡಳು. ರೊಟ್ಟಿಯಷ್ಟು ಹಗುರ. ಅದನ್ನು ಹಿತ್ತಲಿಗೆ ಒಯ್ದು, ಯಾರೂ ಹೋಗದ ಮೂಲೆಯಲ್ಲಿ, ಗೋಡೆಯ ಮೇಲೆ, ಮಳೆಯೂ ಬಿಸಿಲೂ ಬೀಳುವ ಕಡೆ ಇಟ್ಟಳು. ಇಲ್ಲಿ ಬೇಕಾದರೆ ಬದುಕಿಕೊಳ್ಳಲಿ, ಬೇಡವಾದರೆ ಸಾಯಲಿ. ವಾಪಸ್ಸು ಬರುವಾಗ ಪಾಚಿ ಕಟ್ಟಿದ ಚಪ್ಪಡಿಯ ಮೇಲೆ ಅವಳ ಕಾಲೇ ಸರ್ರನೆ ಜಾರಿತು. ಗೋಡೆ ಹಿಡಿದುಕೊಂಡಳು.

ಸಂಜೆಗೆ ಎಲ್ಲ ಮುಗಿದಿತ್ತು. ಹೊಸ ಕಂಬ ನೆಟ್ಟಗೆ ನಿಂತಿತ್ತು, ಬಡಗಿ ಅದರ ತಲೆಯನ್ನು ನುಣ್ಣಗೆ ಉಜ್ಜಿದ್ದ, ಹಸಿ ಮರದ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಒಂದು ಬೆರಳಿನಿಂದ ಮುಟ್ಟಿದರೆ ಗೇಟು ಸದ್ದಿಲ್ಲದೆ ತೆರೆದುಕೊಳ್ಳುತ್ತಿತ್ತು. ಗಂಡ ಅದನ್ನು ಎರಡು ಮೂರು ಸಲ ತೆರೆದು ಮುಚ್ಚಿ, ಮಗುವಿನ ಹಾಗೆ ಖುಷಿಪಟ್ಟು, ಅಂಗಡಿಗೆ ಹೋದ. ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು, ಶಾಲು ಸುತ್ತಿಕೊಂಡು ಹೊರಗೆ ಬಂದರು. "ಮೂಲೆವರೆಗೂ ಹೋಗಿ ಬರ್ತೀನಮ್ಮ. ಎಷ್ಟು ದಿನ ಆಯ್ತು." ಅವಳು ಜಗಲಿಯ ಮೇಲೆ ನಿಂತು ನೋಡಿದಳು. ಅತ್ತೆ ಬಲಗೈಯಲ್ಲಿ ಗೇಟು ತೆರೆದರು. ಮೆಟ್ಟಿಲಿನ ಅಂಚಿಗೆ ಬಂದು ನಿಂತರು. ತೆಳ್ಳಗಾದ ಎಡಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು, ಕಂಬದ ತಲೆಯ ಮೇಲಕ್ಕೆ ಬಂತು, ಮರಕ್ಕೆ ಇನ್ನೇನು ತಾಗಬೇಕು, ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಆಮೇಲೆ ಹಿಂದಕ್ಕೆ ಬಂದು ಶಾಲಿನೊಳಗೆ ಸೇರಿಕೊಂಡಿತು. ಅತ್ತೆ ಏನನ್ನೂ ಹಿಡಿದುಕೊಳ್ಳದೆ, ಒಂದು ಕಾಲನ್ನು ಮುಂದಿಟ್ಟು, ಇಳಿಯಲೋ ಬೇಡವೋ ಎಂದು ತೂಗಾಡಿದರು.

"ಹಿಡ್ಕೊಳ್ಳಿ ಅತ್ತೆ!" ಅವಳು ಕೂಗಿದಳು. "ಕಂಬ ಹಿಡ್ಕೊಳ್ಳಿ! ಅದರ ಮೇಲೆ ಏನೂ ಇಲ್ಲ!"

"ಇರಲಿ ಬಿಡಮ್ಮ" ಅಂದರು ಅತ್ತೆ, ಹಿಂದಕ್ಕೆ ತಿರುಗದೆ. "ಈಗ ಇಲ್ಲ. ಮುಂದೆ ಬೆಳೆದ್ರೆ?"

ಚುಚ್ಚಿ ಅಂದರೋ, ನಿಜವಾಗಿ ಅಂದರೋ, ಅವರ ಬೆನ್ನು ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ. ಅವಳು ಮತ್ತೆ ಬರಿಗಾಲಿನಲ್ಲೇ ಓಡಿ ಹೋದಳು. ಶಾಲಿನೊಳಗಿಂದ ಆ ಕೈಯನ್ನು ಎಳೆದು ತೆಗೆದು, ಬೆರಳುಗಳನ್ನು ಬಿಡಿಸಿ, ಹೊಸ ಕಂಬದ ತಲೆಯ ಮೇಲೆ ಅಂಗೈಯನ್ನು ಒತ್ತಿ ಹಿಡಿದಳು, ತನ್ನ ಎರಡೂ ಕೈಯಿಂದ, ಮರಕ್ಕೆ ಮೊಳೆ ಹೊಡೆಯುವವಳ ಹಾಗೆ. ಅತ್ತೆ "ಸ್ಸ್" ಎಂದು ಉಸಿರೆಳೆದುಕೊಂಡರು. ಮುರಿದ ಕೈ ಎಂದು ಅವಳಿಗೆ ನೆನಪಾದದ್ದು ಆಗ. ಬೆದರಿ ಕೈ ಬಿಟ್ಟಳು. ಅತ್ತೆ ಬಿಡಲಿಲ್ಲ. ಅಂಗೈ ಅವಳು ಒತ್ತಿದ ಕಡೆಯೇ, ಒತ್ತಿದ ಹಾಗೆಯೇ ಇತ್ತು. ಅವರು ತಿರುಗಿ ಇವಳ ಮುಖವನ್ನು ನೋಡಿದರು, ತಲೆ ಬಾಚಿಸಿಕೊಳ್ಳುವಾಗ ಇನ್ನೂ ಬಗ್ಗಬೇಕೇ ಎಂದು ಕೇಳುವಾಗ ನೋಡುತ್ತಿದ್ದ ಹಾಗೆ.

"ಹೀಗೇ ಇಟ್ಟಿರ್ಲಾ ಅಮ್ಮ, ತೆಗೀಲಾ?" ಎಂದು ಕೇಳಿದರು.